ಮಾವನ ಮೈಕ್‌ಸೆಟ್ಟಿಗೆ ಅಮೆರಿಕದ ಮೈಕು

1970ರ ದಶಕದಲ್ಲಿ ಅಮೆರಿಕದ ಲಾರಿ ಡ್ರೈವರ್‌ಗಳು ದಾರಿಯುದ್ದಕ್ಕೂ ಹರಟುತ್ತಿದ್ದುದು ಸಿಬಿ ರೇಡಿಯೊದಲ್ಲಿ. ಸಿಬಿ ಅಂದರೆ ಸಿಟಿಜನ್ ಬ್ಯಾಂಡ್. ನಮ್ಮಲ್ಲೂ 2005ರಿಂದ 27 ಮೆಗಾಹರ್ಟ್ಸ್‌ನ ಈ ಬ್ಯಾಂಡಿಗೆ, 5 ವಾಟ್‌ವರೆಗೆ, ಲೈಸೆನ್ಸ್ ಬೇಡ. ಆದರೆ ಜೇಬಲ್ಲಿ ಮೊಬೈಲ್ ಇರುವಾಗ ಅದು ಯಾರಿಗೆ ಬೇಕು ಹೇಳಿ?

ನನಗೆ ಹುಚ್ಚು ಹತ್ತಿದ್ದು ರೇಡಿಯೊಗಿಂತ ಅದರ ಮೇಜಿನ ಮೈಕಿನದ್ದು. ಅಸ್ಟಾಟಿಕ್ ಡಿ-104, 1933ರ ಮಾದರಿ. ಉದ್ದ ಕತ್ತು, ದುಂಡು ತಲೆ. ಕತ್ತಿನ ಹಿಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರದ್ದು ಬರುತ್ತದೆ. ಆಮೇಲೆ ಬಂದವುಗಳ ಬುಡದಲ್ಲೇ ಪುಟ್ಟ ಆಂಪ್ಲಿಫೈಯರ್, 9 ವೋಲ್ಟ್ ಬ್ಯಾಟರಿ. ಅಂಥದ್ದೊಂದು ಗೆಳೆಯನ ಸೂಟ್‌ಕೇಸಿನಲ್ಲಿ ಬಂತು. ದೀಪಾವಳಿ ರಜೆಗೆ ಹೊರಟಾಗ ಅದನ್ನೂ ಬಳಗಾನೂರಿಗೆ ಒಯ್ದೆ.

ಅಲ್ಲಿ ನನ್ನ ಸೋದರಮಾವ ಇದ್ದಾನೆ. ಮದುವೆ, ಜಾತ್ರೆ, ಮೊಹರಂ ಎಲ್ಲಕ್ಕೂ ಅವನದೇ ಮೈಕ್‌ಸೆಟ್ ಇತ್ತು. ಡಿಜೆ ಬಾಕ್ಸ್ ಬಂದ ಮೇಲೆ ಕರೆಯುವವರಿಲ್ಲ. ತಗಡಿನ ಶೆಡ್ಡಿನಲ್ಲಿ ಹಾರ್ನ್‌ಗಳು ಧೂಳು ತಿನ್ನುತ್ತಿವೆ.

"ಏನಪಾ ಅಳಿಯಾ, ಸೌಟು ಇದ್ದಂಗ ಅದ!" ಅಂದ.

ಬುಡ ಬಿಚ್ಚಿದೆವು. ಯಾರೋ ಒಳಗೇ ಬಿಟ್ಟ ಬ್ಯಾಟರಿ ಸೋರಿ ತಂತಿ ಹಸಿರಾಗಿತ್ತು. ಹಳೆಯ ಕೆಪಾಸಿಟರ್ ಒಣಗಿತ್ತು, ಗೇನ್ ತಿರುವಿದರೆ ಬರೀ ಕರಕರ. ಹಿಡಿಯ ಸ್ವಿಚ್ಚಿಗೆ ನಾನು ಉಪ್ಪುಕಾಗದ ತೆಗೆದರೆ ಮಾವ ಕೈ ಹಿಡಿದ. ಸ್ಪಿರಿಟ್ಟಿನಲ್ಲಿ ಅದ್ದಿದ ದಪ್ಪ ಕಾಗದವನ್ನು ಎರಡು ಪಟ್ಟಿಗಳ ನಡುವೆ ಎಳೆದೆಳೆದು ಒರೆಸಿದ. ಉಜ್ಜಿದರೆ ಮೇಲಿನ ಲೇಪನವೇ ಹೋಗ್ತದಂತೆ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ನಿಜವಾದ ಭಯ ಇದ್ದದ್ದು ತಲೆಯೊಳಗಿನ ಹರಳಿನದ್ದು. ಅದು ರೋಶೆಲ್ ಉಪ್ಪು. ಅಂದರೆ ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲದಿಂದಲೇ ಆಗುವ ಉಪ್ಪು! ದನಿ ಬಡಿದು ಹರಳು ಬಾಗಿದರೆ ವಿದ್ಯುತ್ ಹುಟ್ಟುತ್ತದೆ. ತೇವ ಹೆಚ್ಚಾದರೆ ಕರಗುತ್ತದೆ, ತೀರಾ ಒಣಗಿದರೆ ಪುಡಿಯಾಗುತ್ತದೆ, 55 ಡಿಗ್ರಿ ದಾಟಿದರೆ ಕಥೆ ಮುಗಿಯಿತು.

ಬದುಕಿದೆಯೋ ಇಲ್ಲವೋ ನೋಡುವುದು ಹೇಗೆ? ಇಂದಿನ ಮೈಕ್ ಇನ್‌ಪುಟ್ಟಿಗೆ ನೇರವಾಗಿ ಸಿಕ್ಕಿಸಿದರೆ ಈ ಹರಳಿನ ದನಿ ಡಬ್ಬಿಯೊಳಗಿನ ಸೊಳ್ಳೆಯಂತೆ ಕೇಳುತ್ತದೆ, ಅದಕ್ಕೆ ತುಂಬಾ ಹೆಚ್ಚಿನ ಇಂಪಿಡೆನ್ಸ್ ಬೇಕು. ಮಾವ ಹಳೇ ವಾಲ್ವ್ ಆಂಪ್ಲಿಫೈಯರ್ ಎಳೆದು ತಂದ. ಗ್ರಾಮಫೋನ್ ಪ್ಲೇಟ್ ಹಾಕುತ್ತಿದ್ದ ಕಾಲದ್ದು. ಆ ಪ್ಲೇಯರಿನ ಮುಳ್ಳಿನ ಹಿಂದೆಯೂ ಇಂಥದೇ ಹರಳು. ಆ ಇನ್‌ಪುಟ್ಟಿಗೆ ತಂತಿ ಕೊಟ್ಟು "ಹಲೋ, ಮೈಕ್ ಟೆಸ್ಟಿಂಗ್" ಅಂದ. ಓಣಿಯ ನಾಯಿಗಳೆಲ್ಲ ಎದ್ದವು.

ಮರುದಿನ ಸಿಂಧನೂರಿನಿಂದ ಕೆಪಾಸಿಟರ್ ತಂದು ಬೆಸುಗೆ ಹಾಕಿದೆವು. ಬುಡದ ಆಂಪ್ಲಿಫೈಯರ್ ಕೂಡ ಎದ್ದಿತು. ಈ ಮೈಕಿನ ಗೇನನ್ನು ಪೂರ್ತಿ ಏರಿಸುವವರೇ ಜಾಸ್ತಿ. ಸಿಬಿಯಲ್ಲಿ ಹಾಗೆ ಮಾಡಿದರೆ ದನಿ ಒಡೆದು ಪಕ್ಕದ ಚಾನೆಲ್ಲಿಗೂ ಚೆಲ್ಲುತ್ತದೆ, ಹಾರ್ನ್ ಮುಂದೆ ಮಾಡಿದರೆ ಕುಂಯ್ ಎಂದು ಕೂಗುತ್ತದೆ. ಕಾಲುಭಾಗ ಸಾಕು.

ಹೊರಡುವ ದಿನ ಜಗಳ ಶುರುವಾಯಿತು. ನಾನು ಮೈಕು ಬ್ಯಾಗಿಗೆ ಹಾಕುತ್ತಿದ್ದೆ.

"ಬೆಂಗ್ಳೂರಾಗ ಇದು ಯಾರ ಕೂಡ ಮಾತಾಡ್ತದ?"

"ಮಾವಾ, ಇಲ್ಲಿ ಬ್ಯಾಸಿಗ್ಯಾಗ ತಗಡಿನ ಕೆಳಗ ಸತ್ತೇ ಹೋಗ್ತದ."

"ಸತ್ತರ ಸಾಯ್ಲಿ. ಅಲ್ಲಿ ಕಪಾಟಿನ್ಯಾಗ ಇಟ್ರ ಬದುಕಿದಂಗೇನು?"

ನನ್ನ ಹತ್ತಿರ ಉತ್ತರ ಇತ್ತು. ಹಾಳಾದರೆ ಈ ಹರಳು ಮತ್ತೆ ಸುಲಭಕ್ಕೆ ಸಿಗುವುದಿಲ್ಲ, ಎಲೆಕ್ಟ್ರೆಟ್ ಹಾಕಿದರೆ ಆ ತೀಕ್ಷ್ಣ ದನಿ ಬರುವುದಿಲ್ಲ. ಹೇಳಲಿಲ್ಲ. ಮೂರು ವರ್ಷದಿಂದ ಅವನು ಯಾವುದಕ್ಕೂ ಇಷ್ಟು ಹಟ ಮಾಡಿರಲಿಲ್ಲ.

ಬಿಟ್ಟುಬಂದೆ. ಒಂದೇ ಷರತ್ತು: ಬಳಸದಾಗ ಬ್ಯಾಟರಿ ತೆಗೆದು, ಶೆಡ್ಡಿನಲ್ಲಲ್ಲ, ಮಾಳಿಗೆ ಮನೆಯ ಒಳಕೋಣೆಯಲ್ಲಿ ಇಡಬೇಕು. ಮಣ್ಣಿನ ದಪ್ಪ ಗೋಡೆ, ಏಪ್ರಿಲ್‌ನಲ್ಲೂ ತಂಪು. ಈಗ ಅದು ಜೋಳದ ಚೀಲಗಳ ಪಕ್ಕ, ಅಜ್ಜಿಯ ಹಳೇ ಟ್ರಂಕಿನಲ್ಲಿದೆಯಂತೆ. ಕಳೆದ ವಾರ ಫೋನ್ ಮಾಡಿದ್ದ. ಓಣಿಯ ಗುಡಿಯಲ್ಲಿ ಪ್ರಸಾದಕ್ಕೆ ಕರೆಯಲು ಅದನ್ನೇ ಒಯ್ದಿದ್ದನಂತೆ, ಡಿಜೆಯವನು ಬಂದು ಎಷ್ಟಕ್ಕೆ ಕೊಡ್ತೀ ಅಂತ ಕೇಳಿದನಂತೆ.