ಆ ಬೋರ್ಡಿನ ಹಿಂದಿನ ಕೋಣೆ

ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ದಾರಿ ನಮ್ಮ ಹೆಂಗಸರಿಗೆ ಬಾಯಿಪಾಠ. ‘ಸುರಕ್ಷಾ ಕ್ಲಿನಿಕ್’ ಬೋರ್ಡಿನ ಮುಂದೆ ಮಾತ್ರ ಸರಸರನೆ ನಡೆದುಬಿಡುತ್ತೇವೆ, ಗುಪ್ತರೋಗದ ಕೋಣೆ ಅಲ್ಲವೇ!

ಮೊನ್ನೆ ಗೆಳತಿಯೊಬ್ಬಳ ಜೊತೆ ಒಳಗೆ ಹೋದೆ. (ಹೆಸರು ಹಾಕದೆ ಬರಿ ಎಂದವಳೂ ಅವಳೇ.) ಮೊದಲೇ ಹೇಳಿಟ್ಟು ಹೋಗಬೇಕಿಲ್ಲ, ದುಡ್ಡೂ ಇಲ್ಲ. ಆಪ್ತ ಸಮಾಲೋಚಕಿ ಬಾಗಿಲು ಮುಚ್ಚಿ, “ಬಿಳಿಸೆರಗು ಯಾವಾಗಿಂದ ಅಕ್ಕಾ? ಕಿಬ್ಬೊಟ್ಟೆ ನೋಯುತ್ತಾ?” ಎಂದು ಅಡುಗೆಮನೆ ಮಾತಿನ ಹಾಗೆ ಕೇಳಿದರು. ಡಾಕ್ಟರಮ್ಮ ನೋಡಿದ ಮೇಲೆ ಸಿಫಿಲಿಸ್, ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆದರು. ಎಚ್‌ಐವಿಗೆ ಒಪ್ಪಿಗೆ ಕೇಳಲೇಬೇಕು, ಫಲಿತಾಂಶ ಗುಟ್ಟಾಗಿಡಬೇಕು ಅಂತ 2017ರ ಕಾಯಿದೆಯೇ ಇದೆ.

ಕೊಟ್ಟದ್ದು ಹಳದಿ ಪೊಟ್ಟಣ, 14 ದಿನದ ಮಾತ್ರೆ. ಗಂಡನಿಗೂ ಬೂದು ಬಣ್ಣದ್ದೊಂದು. ಅವರು ನುಂಗದಿದ್ದರೆ ಸೋಂಕು ಮತ್ತೆ ಇವಳಿಗೇ ಬರಬಹುದಂತೆ.

“ಇವರಿಗೆ ಹ್ಯಾಗ್ರೀ ಹೇಳಲಿ?” ಎಂದಳು.

“ಕರ್ಕೊಂಡು ಬನ್ನಿ, ನಾವು ಹೇಳ್ತೀವಿ.”