ಚೊಂಬಿನ ತಟ್ಟೆ ನಡುಗಿದ ಸಂಜೆ

2011ರ ಜುಲೈ ತಿಂಗಳು. ಶಿವಮೊಗ್ಗದಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಂಜೆ ದೇವರಿಗೆ ದೀಪ ಹಚ್ಚಿ ತಿರುಗುವಷ್ಟರಲ್ಲಿ, ಹಿತ್ತಾಳೆ ಚೊಂಬಿನ ಮೇಲೆ ಮುಚ್ಚಿದ್ದ ಪುಟ್ಟ ತಟ್ಟೆ ಕಟಕಟ ನಡುಗತೊಡಗಿತು. ಗುಡುಗಿರಬೇಕು ಎಂದುಕೊಂಡೆ. ಗುಡುಗು ನಿಲ್ಲುತ್ತದೆ, ಇದು ನಿಲ್ಲಲಿಲ್ಲ. ತಟ್ಟೆ ನಡುಗುತ್ತಿದ್ದುದು ಲೆಕ್ಕಾಚಾರದಲ್ಲಿ, ತಾಳಬದ್ಧವಾಗಿ!

ಮೂಲ ಹುಡುಕುತ್ತ ಹೋದರೆ ಸಿಕ್ಕಿದ್ದು ಮಗನ ಕೋಣೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಮುಗಿಸಿ ರಜೆಗೆ ಬಂದಿದ್ದ. ಗೆಳೆಯನಿಂದ ತಂದಿದ್ದ ದೊಡ್ಡ ಕರಿ ಸ್ಪೀಕರ್ ನೆಲದ ಮೇಲಿತ್ತು. ಹಾಡೂ ಅಲ್ಲದ, ವಾದ್ಯವೂ ಅಲ್ಲದ ಏನೋ ಒಂದು ಕೋಣೆ ತುಂಬ ಹೊರಳಾಡುತ್ತಿತ್ತು.

"ಎಂಥದೋ ಇದು, ಮಿಕ್ಸಿ ಕೆಟ್ಟ ಹಾಗಿದೆಯಲ್ಲೋ!"

"ಡಬ್‌ಸ್ಟೆಪ್ ಅಮ್ಮ" ಎಂದ, ತಲೆಯೆತ್ತದೆ.

ನನಗೆ ರೇಗಿತು. ಆರು ತಿಂಗಳಿಂದ ಅವನು ಮನೆಗೆ ಫೋನ್ ಮಾಡುವುದು ಕಡಿಮೆಯಾಗಿತ್ತು. ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ. ಕಿವಿಗೆ ಸದಾ ಆ ತಂತಿ. ಎಲ್ಲಕ್ಕೂ ಈ ಸದ್ದೇ ಕಾರಣ ಎಂದು ತೀರ್ಮಾನಿಸಿ, ಸೀದಾ ಹೋಗಿ ಪ್ಲಗ್ ಕಿತ್ತೆ. ಅವನು ಒಂದು ಮಾತೂ ಆಡಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ. ನಮ್ಮವರು, "ಎದುರು ಮಾತಾಡಿದ್ದರೆ ಬೈಯಬಹುದಿತ್ತು. ಹೀಗೆ ಸುಮ್ಮನಿದ್ದರೆ ಏನು ಮಾಡೋದು?" ಎಂದರು.

ನಾನು ಹೈಸ್ಕೂಲಿನಲ್ಲಿ ಭೌತವಿಜ್ಞಾನ ಪಾಠ ಮಾಡುವವಳು. ರಾತ್ರಿ ನಿದ್ದೆ ಬಾರದೆ ಹೊರಳುವಾಗ ಆ ತಟ್ಟೆಯೇ ನೆನಪಾಗುತ್ತಿತ್ತು. ಒಂದು ವಸ್ತುವಿನ ಕಂಪನ ಗಾಳಿಯಲ್ಲಿ ಸಾಗಿ ಇನ್ನೊಂದನ್ನು ಅಲುಗಿಸುತ್ತದೆ ಎಂದು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದು ನಮ್ಮ ದೇವರ ಮನೆಯಲ್ಲೇ ನಡೆದಾಗ ಪ್ಲಗ್ ಕಿತ್ತಿದ್ದೆ!

ಮೂರನೆಯ ದಿನ ಕಾಫಿ ಹಿಡಿದುಕೊಂಡು ಅವನ ಕೋಣೆಗೆ ಹೋದೆ. "ನಿನ್ನ ಆ ಸಂಗೀತ ನನಗೂ ಕೇಳಿಸು ನೋಡೋಣ" ಎಂದೆ. ನಂಬದವನಂತೆ ನೋಡಿದ. ಮೊಬೈಲಿನಲ್ಲೇ ಹಾಕು ಎಂದರೆ ಒಪ್ಪಲಿಲ್ಲ. "ಅದರಲ್ಲಿ ಇದು ಬರೋದೇ ಇಲ್ಲಮ್ಮ" ಎಂದ. ನಿಜವೇ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ ಮೇಲೆ. ಈ ಸಂಗೀತದ ಜೀವ ಇರುವುದು ಅದರ ತೀರ ಹತ್ತಿರ, ನಲವತ್ತು ಐವತ್ತು ಹರ್ಟ್ಸ್‌ನ ಆಳದಲ್ಲಿ. ಮೊಬೈಲಿನ ಗುಂಡಿಯಷ್ಟಗಲದ ಸ್ಪೀಕರಿಗೆ ಅದು ನಿಲುಕದು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್. ನಮ್ಮ ಹಾಲೇ ಅಷ್ಟು ಉದ್ದವಿಲ್ಲ. ಅಂಥ ಅಲೆಯನ್ನು ಒಂದು ಬಾಗಿಲು ತಡೆಯುವುದುಂಟೇ?

ಅವನು ಹಾಕಿದ್ದು ಸ್ಕ್ರೀಮ್ ಎಂಬಾತನ 'ಮಿಡ್‌ನೈಟ್ ರಿಕ್ವೆಸ್ಟ್ ಲೈನ್', 2005ರದ್ದು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದೆ. ಲೆಕ್ಕ ತಪ್ಪಿತು. ಮಗ ನಕ್ಕ. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು. "ನಿಮಿಷಕ್ಕೆ 140 ಪೆಟ್ಟಮ್ಮ. ಆದರೆ ಜೋರಾದ ಹೊಡೆತ ಮೂರನೇದಕ್ಕೆ ಮಾತ್ರ. ಅದಕ್ಕೇ 70 ಅನ್ನಿಸತ್ತೆ" ಎಂದ. ಓಡುತ್ತಿರುವುದು ಒಂದು, ನಮಗೆ ಅನ್ನಿಸುವುದು ಅದರ ಅರ್ಧ. ನಡುವೆ ಬೇಕಾದಷ್ಟು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಮಂದ್ರ ಬಂದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಜಾತ್ರೆಯಲ್ಲಿ ಹತ್ತು ಹನ್ನೆರಡು ಡೊಳ್ಳು ಒಟ್ಟಿಗೆ ಬಡಿದಾಗ ಹೊಟ್ಟೆಯೊಳಗೆ ಏಳುವ ಕಂಪನ ನಮ್ಮ ಸೀಮೆಯವರಿಗೆ ಹೊಸದಲ್ಲ. ಇದೂ ಅದೇ ಜಾತಿಯದು ಅನ್ನಿಸಿತು.

ಹೊಗಳಿಕೆ ಕೇಳಿದ್ದೇ ತಡ, ಹುಡುಗ ಕತೆ ಬಿಚ್ಚಿದ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕಿಂಗ್ ಟಬ್ಬಿ ಎಂಬ ಎಲೆಕ್ಟ್ರಾನಿಕ್ಸ್ ರಿಪೇರಿಗಾರನಿದ್ದನಂತೆ. 1970ರ ದಶಕದಲ್ಲಿ ಅವನು ಹಾಡುಗಳಿಂದ ದನಿಯನ್ನು ತೆಗೆದುಹಾಕಿ, ಡ್ರಮ್ಮು ಮತ್ತು ಮಂದ್ರವನ್ನಷ್ಟೇ ಉಳಿಸಿ, ಪ್ರತಿಧ್ವನಿ ಬೆರೆಸಿದ. ಅದೇ ಡಬ್. 1948ರಿಂದ ಹಡಗು ಹತ್ತಿ ಬ್ರಿಟನ್ನಿಗೆ ಬಂದ ಕೆರಿಬಿಯನ್ ಜನ ತಮ್ಮ ಸಂಗೀತವನ್ನೂ, ಬೀರುವಿನಷ್ಟು ಎತ್ತರದ ಸ್ಪೀಕರುಗಳ ಪದ್ಧತಿಯನ್ನೂ ದಕ್ಷಿಣ ಲಂಡನ್ನಿನಲ್ಲಿ ಬೆಳೆಸಿದರು. ಅಲ್ಲಿನ ಗರಾಜ್ ಎಂಬ ಕುಣಿತದ ಸಂಗೀತಕ್ಕೆ ಈ ಡಬ್ ಸೇರಿ, 2000ದ ಆಸುಪಾಸಿನಲ್ಲಿ ಕ್ರಾಯ್ಡನ್ ಎಂಬಲ್ಲಿ ಇದು ಹುಟ್ಟಿತು. ಸ್ಕ್ರೀಮ್, ಬೆಂಗಾ ಇಬ್ಬರೂ ಆಗ ಹದಿನೈದರ ಆಚೀಚಿನ ಹುಡುಗರು. ಮನೆಯಲ್ಲೇ ಕುಳಿತು ಮಾಡುತ್ತಿದ್ದರು.

"ಅವರ ಅಮ್ಮಂದಿರು ಪ್ಲಗ್ ಕೀಳಲಿಲ್ಲವೇನೋ?" ಎಂದೆ.

ಅವನು ನಗಲಿಲ್ಲ. ಸ್ವಲ್ಪ ಹೊತ್ತು ಸ್ಪೀಕರ್ ನೋಡುತ್ತ ಕೂತಿದ್ದು, "ಅಮ್ಮ, ಎರಡು ಸಬ್ಜೆಕ್ಟ್ ಹೋಗಿದೆ. ಹಿಂದಿನ ಸೆಮಿಸ್ಟರ್‌ನಲ್ಲೇ. ಹೇಳೋಕಾಗಲಿಲ್ಲ" ಎಂದ.

ಮಾರ್ಚ್ ತಿಂಗಳಿಂದ ಒಬ್ಬನೇ ಅದನ್ನು ಹೊತ್ತುಕೊಂಡು ತಿರುಗಿದ್ದ. ಹಾಸ್ಟೆಲ್ಲಿನಲ್ಲಿ ರಾತ್ರಿ ನಿದ್ದೆ ಬಾರದಿದ್ದಾಗ ಪಕ್ಕದ ಕೋಣೆಯವನು ಕೇಳಿಸಿದ್ದು ಈ ಸಂಗೀತ. "ಇದರಲ್ಲಿ ಯಾರೂ ಏನೂ ಹೇಳಲ್ಲಮ್ಮ, ಅದಕ್ಕೇ ಹಿಡಿಸಿತು" ಎಂದ. ಸದ್ದಿನಿಂದ ಅವನು ಮೌನಿಯಾದ ಎಂದು ನಾನು ಎಣಿಸಿದ್ದೆ. ಮೌನವೇ ಮೊದಲು, ಸದ್ದು ಆಮೇಲೆ ಬಂದಿತ್ತು. ನಾನು ಬೈಯಬೇಕೆಂದುಕೊಂಡೆ, ಗಂಟಲಿನಿಂದ ಮಾತು ಹೊರಡಲಿಲ್ಲ. ಕಾಫಿ ಆರಿಹೋಗಿತ್ತು, ಇನ್ನೊಂದು ಲೋಟ ಮಾಡಿ ತಂದೆ. ಮರುದಿನ ನಮ್ಮವರಿಗೆ ಅವನೇ ಹೇಳಿದ. ಆ ಎರಡು ಸಬ್ಜೆಕ್ಟ್‌ಗಳಲ್ಲಿ ಒಂದು ಮರುಪ್ರಯತ್ನದಲ್ಲಿ ಪಾಸಾಯಿತು, ಇನ್ನೊಂದಕ್ಕೆ ಮತ್ತೆರಡು ಸಲ ಕೂರಬೇಕಾಯಿತು.

ಆಮೇಲೆ ನನಗೆ ಈ ಸಂಗೀತವೆಲ್ಲ ಇಷ್ಟವಾಯಿತು ಎಂದರೆ ಸುಳ್ಳಾದೀತು. ಅಮೆರಿಕದ ಸ್ಕ್ರಿಲ್ಲೆಕ್ಸ್ 2010ರಲ್ಲಿ ಹೊರತಂದದ್ದು ಜಗತ್ತಿನ ತುಂಬ ಓಡಿತು, 2012ರಲ್ಲಿ ಗ್ರ್ಯಾಮಿಯನ್ನೂ ತಂದಿತು. ಅದು ನನಗೆ ಇವತ್ತಿಗೂ ಕೆಟ್ಟ ಮಿಕ್ಸಿಯೇ. ಬ್ಯೂರಿಯಲ್ ಎಂಬಾತನ 2007ರ 'ಅನ್‌ಟ್ರೂ' ಮಾತ್ರ ಮಳೆಗಾಲದ ರಾತ್ರಿ ಕೇಳುತ್ತೇನೆ. ಕಿವಿಗೆ ತಂತಿ ಸಿಕ್ಕಿಸಿ ಸದ್ದು ಏರಿಸಿದರೆ ಈಗಲೂ ಬೈಯುತ್ತೇನೆ. ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

2017ರಲ್ಲಿ ಮಗನನ್ನು ಕಂಪನಿಯವರು ಆರು ತಿಂಗಳ ಮಟ್ಟಿಗೆ ಲಂಡನ್ನಿಗೆ ಕಳಿಸಿದರು. ಮೂರು ವಾರ ನಾವೂ ಹೋಗಿದ್ದೆವು. ನಾನು ಹಟ ಹಿಡಿದು ಕ್ರಾಯ್ಡನ್ನಿಗೆ ಹೊರಡಿಸಿದೆ. ಸ್ಕ್ರೀಮ್ ಹುಡುಗನಾಗಿ ಕೆಲಸ ಮಾಡುತ್ತಿದ್ದ 'ಬಿಗ್ ಆಪಲ್' ರೆಕಾರ್ಡ್ ಅಂಗಡಿ ಇದ್ದದ್ದು ಅಲ್ಲಿನ ಸರ್ರೆ ಸ್ಟ್ರೀಟಿನಲ್ಲಿ. ಹೊಸ ಧಾಟಿ ಹುಡುಕುವ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದರಂತೆ. ಅಂಗಡಿ 2004ರಲ್ಲೇ ಮುಚ್ಚಿದೆ. ಬೀದಿಯಲ್ಲಿ ಕಂಡದ್ದು ಹಳೇ ಕಾಲದ ತರಕಾರಿ ಸಂತೆ: ಬೋಗುಣಿ ತುಂಬ ಟೊಮೆಟೊ ಒಂದು ಪೌಂಡ್. ನಮ್ಮವರು, "ಇದನ್ನು ನೋಡೋಕೆ ಅಷ್ಟು ದೂರದಿಂದ ಬಂದೆವಾ?" ಎಂದರು.

ನಾನೂ ಮಗನೂ ಮುಖ ಮುಖ ನೋಡಿಕೊಂಡೆವು. ಒಂದು ಬೋಗುಣಿ ಟೊಮೆಟೊ ಕೊಂಡು, ರಾತ್ರಿ ಸಾರು ಮಾಡಿದೆ.

ಆ ಚೊಂಬು ಈಗಲೂ ಅಲ್ಲೇ ಇದೆ. ಮಗ ಊರಿಗೆ ಬಂದಾಗ ಅದರ ತಟ್ಟೆ ನಡುಗುತ್ತದೆ. ನಾನು ಪ್ಲಗ್ ಕೀಳುವುದಿಲ್ಲ. ಒಳಗೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ.