ಚೆಂಡಿನೊಳಗಿನ ಲೆಕ್ಕ



ನನ್ನ ಮೇಜಿನ ಮೇಲೆ ಸರಿಯಾಗಿ ನಡುವೆ ಸೀಳಿದ ಗಾಲ್ಫ್ ಚೆಂಡೊಂದಿದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ, "ನೀವು ಗಾಲ್ಫ್ ಆಡುತ್ತಿದ್ದಿರೇನು?" ಎಂದು ಕೇಳುತ್ತಾರೆ. ಇಲ್ಲ. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ, ಒಂದು ಟ್ರಂಕು ಹಿಡಿದು ಪುಣೆಗೆ ಬಂದ ನನ್ನಂಥವನಿಗೆ ಗಾಲ್ಫ್ ಎಲ್ಲಿಯದು? ಭೋಸರಿಯ ರಬ್ಬರ್ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಅಚ್ಚುಗಳನ್ನು ರೂಪಿಸಿದವನು ನಾನು. ಈ ಚೆಂಡನ್ನು ಇಟ್ಟುಕೊಂಡದ್ದು ಆಟದ ಪ್ರೀತಿಯಿಂದಲ್ಲ, ನಾನು ಮಾಡಿದ ಒಂದು ತಪ್ಪಿನ ನೆನಪಿಗೆ.

ಕಳೆದ ರಜೆಯಲ್ಲಿ ಒಂಬತ್ತನೆಯ ತರಗತಿಯಲ್ಲಿರುವ ಮೊಮ್ಮಗ ಗೋಳದ ಘನಫಲದ ಸೂತ್ರವನ್ನು ಬಾಯಿಪಾಠ ಮಾಡುತ್ತ, "ಅಜ್ಜಾ, ಇದು ಪರೀಕ್ಷೆ ಬಿಟ್ಟರೆ ಇನ್ನೆಲ್ಲಿ ಬೇಕಾಗುತ್ತದೆ?" ಎಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಚೆಂಡಿನ ಕಥೆ, ಆಮೇಲೆ ನನ್ನದು.

ಗಾಲ್ಫ್ ಚೆಂಡಿಗೆ ನಿಯಮಗಳ ಕಟ್ಟು ಬಿಗಿಯಾಗಿದೆ. ಅದರ ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಗೋಳದ ಸೂತ್ರ ಹಾಕಿ ನೋಡಿ: ಘನಫಲ ಸುಮಾರು 40.7 ಘನ ಸೆಂಟಿಮೀಟರ್. ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ 1.13. ನೀರಿಗಿಂತ ತುಸುವೇ ಹೆಚ್ಚು. ಹೊರಗಿನಿಂದ ಎಲ್ಲ ಕಂಪನಿಗಳ ಚೆಂಡುಗಳೂ ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ತೂಕ. ಹಾಗಾದರೆ ಒಂದು ಚೆಂಡು ದೂರ ಹೋಗುವುದು, ಇನ್ನೊಂದು ಬಿದ್ದಲ್ಲೇ ನಿಲ್ಲುವುದು ಹೇಗೆ? ಮೇಲ್ಮೈಯ ಗುಳಿಗಳದ್ದು ಒಂದು ಪಾಲು. ಉಳಿದದ್ದೆಲ್ಲ ಒಳಗಿನ ಪದರಗಳ ಜೋಡಣೆ.

ಮೊದಲು ಹೀಗಿರಲಿಲ್ಲ. ಸ್ಕಾಟ್ಲೆಂಡಿನವರು ಚರ್ಮದ ಚೀಲದೊಳಗೆ ಹಕ್ಕಿಯ ಗರಿ ತುರುಕಿ ಹೊಲಿದ ಚೆಂಡಿನಲ್ಲಿ ಆಡುತ್ತಿದ್ದರು. 1848ರ ಹೊತ್ತಿಗೆ ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ಮಾಡಿದ ಗಟ್ಟಿ ಚೆಂಡು ಬಂತು. 1898ರಲ್ಲಿ ಅಮೆರಿಕದ ಆಕ್ರನ್ ಊರಿನ ರಬ್ಬರ್ ಕಾರ್ಖಾನೆಯಲ್ಲಿ ಕೊಬರ್ನ್ ಹ್ಯಾಸ್ಕೆಲ್ ಎಂಬಾತನಿಗೆ ರಬ್ಬರ್ ಎಳೆಯನ್ನು ಬಿಗಿಯಾಗಿ ಎಳೆದು ಉಂಡೆ ಸುತ್ತುವ ಯೋಚನೆ ಹೊಳೆಯಿತು. ನೂರು ವರ್ಷ ಆ ಸುತ್ತಿದ ಚೆಂಡಿನದೇ ರಾಜ್ಯಭಾರ. 2000ದ ಅಕ್ಟೋಬರಿನಲ್ಲಿ ಟೈಟಲಿಸ್ಟ್ ಕಂಪನಿಯ ಪ್ರೊ ವಿ1 ಎಂಬ ಚೆಂಡು ವೃತ್ತಿಪರರ ಪಂದ್ಯಕ್ಕೆ ಇಳಿಯಿತು. ಅದರಲ್ಲಿ ಎಳೆಯಿಲ್ಲ, ನಡುವೆ ಗಟ್ಟಿ ರಬ್ಬರಿನ ತಿರುಳು, ಅದರ ಮೇಲೊಂದು ತೆಳು ಪದರ, ಮೇಲೆ ಪಾಲಿಯುರಿಥೇನಿನ ಸಿಪ್ಪೆ. ಒಂದೆರಡು ವರ್ಷಗಳಲ್ಲಿ ಸುತ್ತಿದ ಚೆಂಡುಗಳು ದೊಡ್ಡ ಪಂದ್ಯಗಳಿಂದ ಹೆಚ್ಚುಕಡಿಮೆ ಮಾಯವಾದವು. 2010ರಲ್ಲಿ ಟೇಲರ್‌ಮೇಡ್ ಕಂಪನಿ ಐದು ಪದರಗಳ ಚೆಂಡನ್ನೇ ಮಾರುಕಟ್ಟೆಗೆ ತಂದಿತು.

ಪದರಗಳು ಯಾಕೆ ಬೇಕು? ಗಾಲ್ಫ್ ಆಟಗಾರನ ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಮೊದಲ ಹೊಡೆತಕ್ಕೆ ಚೆಂಡು ವೇಗವಾಗಿ, ಕಡಿಮೆ ತಿರುಗುತ್ತ ಸಾಗಬೇಕು. ಗುರಿಯ ಹತ್ತಿರ ಬಂದಾಗ ಹೆಚ್ಚು ತಿರುಗಿ, ಬಿದ್ದ ಜಾಗದಲ್ಲೇ ಕಚ್ಚಿ ನಿಲ್ಲಬೇಕು. ಬಲವಾದ ಹೊಡೆತ ಬಿದ್ದಾಗ ಚೆಂಡು ಚಪ್ಪಟೆಯಾಗಿ, ಏಟು ತಿರುಳಿನವರೆಗೂ ಇಳಿಯುತ್ತದೆ. ಹಗುರವಾದ ಹೊಡೆತ ಹೆಚ್ಚಾಗಿ ಸಿಪ್ಪೆಗಷ್ಟೇ ತಟ್ಟುತ್ತದೆ. ಆದ್ದರಿಂದ ಪುಟಿಯುವ ದೊಡ್ಡ ತಿರುಳು, ಅದರ ಮೇಲೆ ಬಿರುಸಾದ ಪದರ, ಎಲ್ಲಕ್ಕಿಂತ ಮೇಲೆ ಮೃದುವಾದ ತೆಳು ಸಿಪ್ಪೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಗೋಳವನ್ನು ಸಮಾನ ದಪ್ಪದ ಐದು ಪದರಗಳಾಗಿ ಮಾಡಿದ್ದೀರಿ ಎಂದುಕೊಳ್ಳಿ. ದಪ್ಪ ಸಮಾನವೆಂದ ಮೇಲೆ ಹಿಡಿಸುವ ವಸ್ತುವೂ ಸಮಾನವೇ? ಅಲ್ಲ. ಘನಫಲವು ತ್ರಿಜ್ಯದ, ಅಂದರೆ ನೀವು ಶಾಲೆಯಲ್ಲಿ ರೇಡಿಯಸ್ ಎಂದು ಕಲಿತದ್ದರ ಮೂರನೆಯ ಘಾತದಂತೆ ಬೆಳೆಯುತ್ತದೆ. ಇಡೀ ಚೆಂಡು 125 ಪಾಲಾದರೆ ನಡುವಿನ ಗೋಲಿ ಬರೀ 1 ಪಾಲು. ಅದರ ಮೇಲಿನವು ಕ್ರಮವಾಗಿ 7, 19, 37. ಹೊರಗಿನ ಪದರವೊಂದೇ 61 ಪಾಲು, ಹತ್ತಿರ ಹತ್ತಿರ ಅರ್ಧ ಚೆಂಡು! ಈ 61ನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ನಿಜವಾದ ಗಾಲ್ಫ್ ಚೆಂಡಿನಲ್ಲೂ ಅಷ್ಟೆ. ಸಿಪ್ಪೆ ಒಂದೇ ಮಿಲಿಮೀಟರ್ ದಪ್ಪವಿದ್ದರೂ ಇಡೀ ಚೆಂಡಿನ ನೂರಕ್ಕೆ 13 ಭಾಗಕ್ಕಿಂತ ಹೆಚ್ಚು ಅದರಲ್ಲಿರುತ್ತದೆ.

ತಿರುಗುವಿಕೆಯ ಲೆಕ್ಕ ಇನ್ನೂ ಸೋಜಿಗದ್ದು. ತಿರುಗುವ ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳಲ್ಲಿ ನೀರು ತುಂಬಿದ ತಂಬಿಗೆ ಹಿಡಿಯಿರಿ. ಕೈ ಚಾಚಿದರೆ ಕುರ್ಚಿಯನ್ನು ತಿರುಗಿಸುವುದು ಕಷ್ಟ, ಎದೆಗೆ ಒತ್ತಿಕೊಂಡರೆ ಸುಲಭ. ಚೆಂಡಿನಲ್ಲೂ ತೂಕ ನಡುವಿನಿಂದ ದೂರವಿದ್ದಷ್ಟೂ ತಿರುಗಲು ಹಟ ಮಾಡುತ್ತದೆ. ಇದು ತ್ರಿಜ್ಯದ ಐದನೆಯ ಘಾತದ ಆಟ. ಐದೂ ಪದರಗಳು ಒಂದೇ ವಸ್ತುವಿನವಾಗಿದ್ದರೆ, ಈ ಹಟವನ್ನು 3125 ಪಾಲು ಮಾಡಿದಾಗ ಹೊರಪದರದ್ದು 2101 ಪಾಲು, ನಡುವಿನ ಗೋಲಿಯದು ಒಂದೇ ಒಂದು. ಅದಕ್ಕೇ ತಯಾರಕರು ಟಂಗ್ಸ್ಟನ್ ಪುಡಿಯಂಥ ಭಾರದ ವಸ್ತುವನ್ನು ಯಾವ ಪದರದಲ್ಲಿ ಬೆರೆಸಬೇಕೆಂದು ಅಳೆದು ಸುರಿದು ನಿರ್ಧರಿಸುತ್ತಾರೆ. ಒಟ್ಟು ತೂಕ ಬದಲಾಗುವುದಿಲ್ಲ, ಅದು ಕುಳಿತ ಜಾಗ ಮಾತ್ರ ಬದಲಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ತಿರುಳು ಸರಿಯಾಗಿ ನಡುವೆ ಕೂಡದಿದ್ದರೆ ಎಲ್ಲ ವ್ಯರ್ಥ. ಅರ್ಧ ಮಿಲಿಮೀಟರ್ ಸರಿದರೆ ಸಾಕು, ಒಂದು ಮಿಲಿಮೀಟರ್ ಸಿಪ್ಪೆ ಒಂದು ಕಡೆ ಒಂದೂವರೆ, ಇನ್ನೊಂದು ಕಡೆ ಅರ್ಧವಾಗುತ್ತದೆ. ಸಿಪ್ಪೆಯನ್ನು ಅಚ್ಚಿಗೆ ಹೊಯ್ಯುವಾಗ ತಿರುಳನ್ನು ಸಣ್ಣ ಸಣ್ಣ ಕಡ್ಡಿಗಳು ಎಲ್ಲ ಕಡೆಯಿಂದ ಹಿಡಿದಿದ್ದು, ವಸ್ತು ತುಂಬಿದೊಡನೆ ಹಿಂದೆ ಸರಿಯುವ ವ್ಯವಸ್ಥೆಯೂ ಉಂಟು. ಚೆಂಡು ಮಾಡುವವರ ಅರ್ಧ ತಲೆನೋವು ಇದೇ. ನನ್ನದೂ ಇದೇ ಆಗಿತ್ತು.

1983ರ ಮಾತು. ನಾನಿದ್ದ ಚಿಕ್ಕ ಕಾರ್ಖಾನೆಗೆ ಪಂಪಿನ ವಾಲ್ವಿನಲ್ಲಿ ಕೂಡುವ ಚೆಂಡುಗಳ ಆರ್ಡರ್ ಬಂತು. ಒಳಗೆ 80 ಮಿಲಿಮೀಟರಿನ ಕಬ್ಬಿಣದ ಗುಂಡು, ಸುತ್ತ 10 ಮಿಲಿಮೀಟರ್ ರಬ್ಬರ್, ಒಟ್ಟು ವ್ಯಾಸ 100. ಒಂದು ಚೆಂಡಿಗೆ ಎಷ್ಟು ರಬ್ಬರ್ ಬೇಕೆಂದು ಲೆಕ್ಕ ಹಾಕಿದವನು ನಾನೇ. ಗುಂಡಿನ ಮೇಲ್ಮೈಯ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿದೆ, ಮುಗಿಯಿತು ಎಂದುಕೊಂಡೆ.

ಪ್ರೆಸ್ ನಡೆಸುತ್ತಿದ್ದವನು ಆಗಿನ ವಿಜಾಪುರ ಜಿಲ್ಲೆಯಿಂದ ಬಂದ ಹುಡುಗ. ಮರಾಠಿ ಇನ್ನೂ ಬಾರದು. ಇಡೀ ಕಾರ್ಖಾನೆಯಲ್ಲಿ ಅವನ ಮಾತು ಅರ್ಥವಾಗುತ್ತಿದ್ದುದು ನನಗೊಬ್ಬನಿಗೆ. ಮೂರನೆಯ ದಿನವೇ ಬಂದು ಹೇಳಿದ: "ಸಾಹೇಬ್ರ, ರಬ್ಬರ್ ಸಾಲಂಗಿಲ್ರಿ. ಮ್ಯಾಲಷ್ಟ ಹಾಕಾಕ ಬರತೈತಿ, ಕೆಳಗ ಹಾಕಾಕ ಬರಂಗಿಲ್ಲ." ಕೆಳಗಿನ ಅರ್ಧ ಅಚ್ಚಿನಲ್ಲಿ ರಬ್ಬರ್ ಇಟ್ಟು ಅದರ ಮೇಲೆ ಗುಂಡು ಕೂರಿಸಿದ ಬಳಿಕ, ಹೆಚ್ಚಿನ ಪಟ್ಟಿಯನ್ನು ಮೇಲೆ ಮಾತ್ರ ಸೇರಿಸಲು ಸಾಧ್ಯ ಎಂಬುದು ಅವನ ಮಾತಿನ ಅರ್ಥ. ಸುತ್ತ ನಾಲ್ಕು ಜನ ನಿಂತಿದ್ದರು. ನನಗೆ ಸಾಹೇಬನೆನ್ನಿಸಿಕೊಳ್ಳುವ ಹುರುಪು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಟ್ಟೆ: ಲೆಕ್ಕ ಸರಿಯಿದೆ, ನೀನು ರಬ್ಬರ್ ಹಾಳು ಮಾಡುತ್ತಿದ್ದೀಯ, ಬೇಕಾದಷ್ಟು ಸೇರಿಸಿ ಕೆಲಸ ಮುಗಿಸು. ಅವನು ಸುಮ್ಮನೆ ಹೋದ.

ಎರಡು ತಿಂಗಳಿಗೆ ಹನ್ನೆರಡು ಚೆಂಡುಗಳು ವಾಪಸು ಬಂದವು. ಒಂದು ಕಡೆ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಕೆಲಸಗಾರನ ಅಲಕ್ಷ್ಯ ಎಂದು ವರದಿ ಬರೆದು ಸಹಿ ಹಾಕಿದೆ. ಮಾಲೀಕರು ಆ ವಾರವೇ ಹುಡುಗನ ಲೆಕ್ಕ ಚುಕ್ತಾ ಮಾಡಿದರು.

ಮೂರು ವಾರ ಕಳೆದ ಮೇಲೆ ನಮ್ಮ ವಯಸ್ಸಾದ ಫೋರ್‌ಮನ್ ನನ್ನನ್ನು ಕರೆದು, ಸವೆಯದ ಹೊಸ ಚೆಂಡುಗಳನ್ನು ಒಂದೊಂದಾಗಿ ಸರ್ಫೇಸ್ ಪ್ಲೇಟಿನ ಮೇಲೆ ಮೆಲ್ಲಗೆ ಉರುಳಿಸಿದರು. ಪ್ರತಿಯೊಂದೂ ಅತ್ತಿತ್ತ ಓಲಾಡಿ, ಕೊನೆಗೆ ಅಕ್ಷರ ಕೊರೆದ ಬದಿಯನ್ನು ಕೆಳಗೆ ಮಾಡಿ ನಿಂತಿತು. ಅಕ್ಷರಗಳಿದ್ದದ್ದು ಕೆಳಗಿನ ಅಚ್ಚಿನಲ್ಲಿ. ಅಂದರೆ ಎಲ್ಲ ಗುಂಡುಗಳೂ ಒಂದೇ ದಿಕ್ಕಿಗೆ, ಕೆಳಕ್ಕೆ ಸರಿದಿದ್ದವು. ತೆಳುವಾದ ಬದಿಯೇ ಭಾರದ ಬದಿಯಾಗಿ, ವಾಲ್ವಿನಲ್ಲಿ ಯಾವಾಗಲೂ ಅದೇ ಕೆಳಗೆ ಕೂತು ಸವೆದಿತ್ತು. ಫೋರ್‌ಮನ್ ಇಷ್ಟೇ ಹೇಳಿದರು: "ಅಲಕ್ಷ್ಯವಾಗಿದ್ದರೆ ಒಂದೊಂದು ಒಂದೊಂದು ಕಡೆ ಸರಿಯುತ್ತಿತ್ತು."

ಆ ರಾತ್ರಿ ಮತ್ತೆ ಲೆಕ್ಕ ಹಾಕಿದೆ. ನೀವು ಗಮನಿಸಿರಬಹುದು: ನನ್ನ ಚೆಂಡಿನ ತ್ರಿಜ್ಯ 50, ರಬ್ಬರ್ 10. ಅದೇ ಐದು ಪದರಗಳ ಗೋಳ. ಹೊರಪದರಕ್ಕೆ ಬೇಕಾದದ್ದು 125ರಲ್ಲಿ 61 ಪಾಲು. ನಾನು ಕೊಟ್ಟಿದ್ದು 48. ಗುಂಡಿನ ಮೇಲ್ಮೈಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ. ಹೊರಗೆ ಹೋದಂತೆ ಗೋಳ ಹಿಗ್ಗುತ್ತದೆ ಎಂಬುದನ್ನು ಮರೆತಿದ್ದೆ. ಕೊರತೆಯಾದ 13 ಪಾಲನ್ನು ಆ ಹುಡುಗ ಕಣ್ಣಳತೆಯಲ್ಲಿ, ಸಾಧ್ಯವಿದ್ದ ಒಂದೇ ಜಾಗದಲ್ಲಿ, ಅಂದರೆ ಮೇಲೆ ತುಂಬಿದ್ದ. ಮೇಲಿನ ರಬ್ಬರ್ ಗುಂಡನ್ನು ಕೆಳಕ್ಕೆ ಒತ್ತಿತ್ತು. ಕಾರಣವನ್ನು ಅವನು ನನಗೆ ಮೊದಲೇ ಹೇಳಿದ್ದ, ಅದೂ ನನ್ನ ತಾಯಿ ಆಡುತ್ತಿದ್ದ ಭಾಷೆಯಲ್ಲಿ.

ಬೆಳಿಗ್ಗೆ ಮಾಲೀಕರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಇಂಜಿನಿಯರನಿಗೆ ಇದ್ದ ಆ ರಿಯಾಯಿತಿ ಅವನಿಗೆ ಇರಲಿಲ್ಲ. ಹುಡುಗನ ಕೋಣೆಗೆ ಹೋದೆ. ಊರಿಗೆ ಹೋದನೆಂದು ಜೊತೆಗಾರರು ಹೇಳಿದರು. ವಿಳಾಸ ಪಡೆದು ಕನ್ನಡದಲ್ಲೇ ಪತ್ರ ಬರೆದೆ. ಉತ್ತರ ಬರಲಿಲ್ಲ. ಎಷ್ಟೋ ವರ್ಷಗಳ ನಂತರ ಪರಿಚಯದವರೊಬ್ಬರ ಕಚೇರಿಯಲ್ಲಿ ಈ ಸೀಳಿದ ಗಾಲ್ಫ್ ಚೆಂಡನ್ನು ಕಂಡು ಕೇಳಿ ತಂದೆ. ಇದರಲ್ಲಿ ತಿರುಳು ಸರಿಯಾಗಿ ನಡುವೆ ಕೂತಿದೆ.

ನೀವೂ ಪರೀಕ್ಷಿಸಿ ನೋಡಿ. ಗಾಲ್ಫ್ ಚೆಂಡನ್ನು ಮನೆಯಲ್ಲಿ ಕತ್ತರಿಸಲು ಮಾತ್ರ ಹೋಗಬೇಡಿ. ಹಳೆಯ ಕೆಲವು ಚೆಂಡುಗಳ ನಡುವೆ ಒತ್ತಡದಲ್ಲಿರುವ ದ್ರವ ಇರುತ್ತಿತ್ತು, ಅದು ಕಣ್ಣಿಗೆ ಅಪಾಯ. ಒಂದು ಲೀಟರ್ ನೀರಿಗೆ ಕಾಲು ಕಿಲೋ ಉಪ್ಪು ಕರಗಿಸಿ ಚೆಂಡನ್ನು ಬಿಡಿ. ಸಾಂದ್ರತೆ 1.13 ಆದ್ದರಿಂದ ಅದು ತೇಲುತ್ತದೆ. ಮೇಲೆ ಬಂದ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು ಚೆಂಡನ್ನು ತಿರುಗಿಸಿ. ಪ್ರತಿ ಸಲವೂ ಚುಕ್ಕೆಯೇ ಮೇಲೆ ಬಂದರೆ ಒಳಗಿನ ಭಾರ ಒಂದು ಕಡೆ ಸರಿದಿದೆ ಎಂದರ್ಥ.

ನಿಮ್ಮಲ್ಲಿ ಹಲವರು ನಾಳೆ ಇಂಜಿನಿಯರುಗಳಾಗಿ, ಮ್ಯಾನೇಜರುಗಳಾಗಿ ನಾಲ್ಕು ಜನರ ಮೇಲೆ ಕೂರುತ್ತೀರಿ. ಪುಣೆ ಮುಂಬಯಿಯ ಯಾವುದೋ ಕೆಲಸದ ಜಾಗದಲ್ಲಿ ಊರಿನಿಂದ ಬಂದವನೊಬ್ಬ, ನೀವು ಮನೆಯಲ್ಲಿ ಮಾತ್ರ ಕೇಳಿರುವ ಕನ್ನಡದಲ್ಲಿ, "ಸಾಲಂಗಿಲ್ರಿ" ಎನ್ನಬಹುದು. ಆಗ ದಯವಿಟ್ಟು ಕನ್ನಡದಲ್ಲೇ "ಯಾಕೆ?" ಎಂದು ಕೇಳಿ. ಕೇಳಿ, ಹೋಗಿ ಲೆಕ್ಕವನ್ನು ಇನ್ನೊಮ್ಮೆ ನೋಡಿ.